ಹಳೇ ವೀಡಿಯೋ ಗೇಮು: ಅಡಾಪ್ಟರ್ ಚುಚ್ಚುವ ಮೊದಲು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳ ಮೆತ್ತಿನ ಮೇಲೆ ಹುಡುಕಿದರೆ ಎರಡು ಡಬ್ಬಿ ಸಿಕ್ಕರೂ ಸಿಗಬಹುದು. ಒಂದು ತೊಂಬತ್ತರ ದಶಕದ ಟಿ.ವಿ. ವೀಡಿಯೋ ಗೇಮು, ಇನ್ನೊಂದು 2000ದ ಆಸುಪಾಸಿನ ಕಂಪ್ಯೂಟರು. ಎರಡೂ 'ಹಾಳಾಗಿದೆ' ಅನ್ನಿಸಿಕೊಂಡು ಮೇಲೆ ಹತ್ತಿದವು. ಬಿಚ್ಚಿ ನೋಡಿದರೆ ಎಷ್ಟೋ ಸಲ ಚಿಪ್ಪು ನೆಟ್ಟಗೇ ಇರುತ್ತದೆ. ಕೆಟ್ಟಿರುವುದು ಕರೆಂಟು ಬರುವ ದಾರಿ ಅಥವಾ ಕಿಲುಬು ಹಿಡಿದ ಪಿನ್ನು. ಆರಿದ್ರಾ ಮಳೆ ಹಿಡಿದರೆ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಬರುವ ಸೀಮೆ ನಮ್ಮದು. ತಾಮ್ರದ ಗೆರೆಯೊಂದು ತಪ್ಪಿಸಿಕೊಂಡೀತೇ?

ನಿಂಟೆಂಡೊ ಕಂಪನಿ ಜಪಾನಿನಲ್ಲಿ 1983ರಲ್ಲಿ ಫ್ಯಾಮಿಕಾಮ್ ಎಂಬ ಯಂತ್ರ ತಂದಿತು. ನಮ್ಮಲ್ಲಿ ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಮುಂತಾದ ಹೆಸರಲ್ಲಿ ಬಂದವು ಅದರದೇ ರೂಪಗಳು, ಹೆಚ್ಚಿನವು ನಕಲು. ಒಳಗಿನ ಪ್ರೊಸೆಸರ್ 6502 ಎಂಬ ಚಿಪ್ಪಿನ ವಂಶದ್ದು. ವೇಗ ಸುಮಾರು 1.8 ಮೆಗಾಹರ್ಟ್ಸ್, ಕೆಲಸಕ್ಕಿರುವ ರ‍್ಯಾಮ್ ಬರೀ 2 ಕಿಲೋಬೈಟ್. ಈ ಲೇಖನವೂ ಅದರಲ್ಲಿ ಹಿಡಿಯಲಿಕ್ಕಿಲ್ಲ! ಆಟ ಇರುವುದು ಕ್ಯಾಸೆಟ್ಟಿನಲ್ಲಿ. ಆಟದ ಲೆಕ್ಕಾಚಾರಕ್ಕೆ ಒಂದು ಚಿಪ್ಪು, ಚಿತ್ರಗಳಿಗೆ ಇನ್ನೊಂದು. ಆಟ ನಡೆಯುವಷ್ಟು ಹೊತ್ತೂ ಯಂತ್ರ 60 ಪಿನ್ನುಗಳ ಮೂಲಕ ಕ್ಯಾಸೆಟ್ಟನ್ನು ಓದುತ್ತಲೇ ಇರುತ್ತದೆ. ಹಾಗಾಗಿ ಒಂದೇ ಪಿನ್ನು ಕೈಕೊಟ್ಟರೂ ಸಾಕು, ಮಾರಿಯೋನ ಇಟ್ಟಿಗೆಗಳ ಜಾಗದಲ್ಲಿ ಅಕ್ಷರಗಳು ಕಾಣಿಸಿಕೊಳ್ಳುತ್ತವೆ, ಇಲ್ಲವೇ ಪರದೆ ಖಾಲಿ ನಿಲ್ಲುತ್ತದೆ.

ಕ್ಯಾಸೆಟ್ ಕಿತ್ತು, ಉಫ್ ಎಂದು ಊದಿ, ಮತ್ತೆ ಹಾಕುವುದು ಎಲ್ಲರ ಮನೆಯ ಮದ್ದು. ಅದರಲ್ಲಿ ಕೆಲಸ ಮಾಡುವುದು ಊದಿದ್ದಲ್ಲ, ಕಿತ್ತು ಹಾಕಿದ್ದು. ಉಸಿರಿನ ತೇವ ಕಿಲುಬಿಗೆ ಮೇವು. ಬಿಳಿ ರಬ್ಬರಿನಿಂದ ಪಿನ್ನುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒರೆಸಿ. ಕಡ್ಡಿ ಮೊದಲು ಕಪ್ಪಾಗುತ್ತದೆ, ಕೆಲವೊಮ್ಮೆ ಹಸಿರು. ಬಣ್ಣ ಬರುವುದು ನಿಲ್ಲುವವರೆಗೂ ಒರೆಸುವುದು. ಮನೆಯಲ್ಲಿ ಉಳಿದಿರುವ ಸ್ಯಾನಿಟೈಸರ್ ಮಾತ್ರ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಎಲ್ಲ ಇರುತ್ತದೆ.

ಇನ್ನು ಅಡಾಪ್ಟರ್. ತೂತಿಗೆ ಕೂತಿತೆಂದು ಸಿಕ್ಕಿದ್ದನ್ನು ಚುಚ್ಚುವುದೇ ದೊಡ್ಡ ಅನಾಹುತ. ಮೂಲ ಫ್ಯಾಮಿಕಾಮಿಗೆ 10 ವೋಲ್ಟಿನ ಡಿ.ಸಿ. ಬೇಕು, ಅದರಲ್ಲೂ ಪಿನ್ನಿನ ನಡುವೆ ಮೈನಸ್. ಅಮೆರಿಕದ ನಿಂಟೆಂಡೊ ಯಂತ್ರದ ಅಡಾಪ್ಟರ್ 9 ವೋಲ್ಟಿನ ಎ.ಸಿ. ಕೊಡುತ್ತದೆ. ನಕಲು ಯಂತ್ರಗಳಲ್ಲಿ ಇದೇ ಎಂಬ ನೇಮವಿಲ್ಲ. ಡಬ್ಬಿಯ ಅಡಿಯಲ್ಲಿರುವ ಗುರುತು ಓದಿ, ಆಮೇಲೆ ಅಡಾಪ್ಟರನ್ನು ಮಲ್ಟಿಮೀಟರಿನಿಂದ ಅಳೆಯಿರಿ. ಕೆಂಪು ಕಡ್ಡಿ ಪಿನ್ನಿನ ತೂತಿಗೆ, ಕಪ್ಪು ಕಡ್ಡಿ ಹೊರಮೈಗೆ. ಮೀಟರಿನಲ್ಲಿ ಅಂಕಿಯ ಹಿಂದೆ ಮೈನಸ್ ಬಂದರೆ ನಡುವೆ ಮೈನಸ್ ಎಂದರ್ಥ.

ಒಳಗೆ, ಬೆನ್ನಿಗೆ ಲೋಹದ ರೆಕ್ಕೆ ಕಟ್ಟಿಕೊಂಡ ಮೂರು ಕಾಲಿನ ಕಪ್ಪು ತುಂಡೊಂದಿರುತ್ತದೆ, ಮೇಲೆ 7805 ಎಂದು ಬರೆದಿರುತ್ತದೆ. ಬಂದ ಕರೆಂಟನ್ನು 5 ವೋಲ್ಟಿಗೆ ಇಳಿಸಿ, ಮಿಕ್ಕಿದ್ದನ್ನು ಬಿಸಿಯಾಗಿ ಹೊರಹಾಕುವುದು ಅದರ ಕೆಲಸ. ಬರಹ ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ ಎಡಗಾಲು ಒಳಹರಿವು, ನಡುವಿನದು ಗ್ರೌಂಡ್, ಬಲಗಾಲು ಹೊರಹರಿವು. ಕ್ಯಾಸೆಟ್ ಹಾಕದೆಯೇ ನಡುವಿಗೂ ಬಲಕ್ಕೂ ಅಳೆಯಿರಿ. 4.8ರಿಂದ 5.2ರ ನಡುವೆ ಇದ್ದರೆ ಮುಂದುವರಿಯಬಹುದು. ಒಳಬಂದ ವೋಲ್ಟೇಜ್ ಹಾಗೇ ಹೊರಬರುತ್ತಿದ್ದರೆ ತಕ್ಷಣ ಪ್ಲಗ್ ಕೀಳಿ. ಈ ತುಂಡು ಚಿಲ್ಲರೆ ಕಾಸಿಗೆ ಸಿಗುತ್ತದೆ, ಟಿ.ವಿ. ರಿಪೇರಿಯವರ ಹತ್ತಿರ ಇದ್ದೇ ಇರುತ್ತದೆ. ಅಪರೂಪದ ಭಾಗ ಬೇಕಾದರೆ ಬೆಂಗಳೂರಿನ ಎಸ್.ಪಿ. ರಸ್ತೆ.

ಟಿ.ವಿ.ಗೆ ಜೋಡಿಸುವುದು ಸುಲಭ. ಹಳದಿ ತೂತಿದ್ದರೆ ಎ.ವಿ. ಕೇಬಲ್, ಇಲ್ಲದಿದ್ದರೆ ಆಂಟೆನಾ ತೂತಿಗೆ ಹಾಕಿ ಚಾನೆಲ್ ಹುಡುಕಬೇಕು. ಬಾತುಕೋಳಿ ಹೊಡೆಯುವ ಆಟದ ಬಂದೂಕು ಮಾತ್ರ ಎಲ್ಇಡಿ ಟಿ.ವಿ.ಯಲ್ಲಿ ನಡೆಯುವುದಿಲ್ಲ. ಕುದುರೆ ಒತ್ತಿದ ಕ್ಷಣಕ್ಕೆ ಪರದೆ ಕಪ್ಪಾಗಿ, ಹಕ್ಕಿಯ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನ ನಳಿಗೆಯೊಳಗಿನ ಸೆನ್ಸರ್ ಆ ಬೆಳಕನ್ನು ಕಂಡರೆ ಏಟು ಬಿತ್ತೆಂದು ಲೆಕ್ಕ. ಹೊಸ ಟಿ.ವಿ.ಗಳಲ್ಲಿ ಚಿತ್ರ ತುಸು ತಡವಾಗಿ ಮೂಡುತ್ತದೆ, ಹಳೇ ಪಿಕ್ಚರ್ ಟ್ಯೂಬಿನ ಮಿನುಗೂ ಅದರಲ್ಲಿಲ್ಲ. ಹಾಗೆಂದು ಹಳೇ ಟಿ.ವಿ. ತಂದು ಬಿಚ್ಚಲು ಹೋಗಬೇಡಿ. ಅದರ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ.

ಕಂಪ್ಯೂಟರಿನ ಡಬ್ಬಿ ತೆರೆದರೆ ಮೊದಲು ಕಾಣುವುದು ಇರುವೆ ಗೂಡು, ಪವರ್ ಸಪ್ಲೈ ಒಳಗೆ ಸತ್ತ ಹಲ್ಲಿ. ಸ್ವಚ್ಛ ಮಾಡಿ ಮದರ್‌ಬೋರ್ಡ್ ಮೇಲಿನ ಪುಟ್ಟ ಡ್ರಮ್ಮಿನಂಥ ಕೆಪಾಸಿಟರುಗಳ ತಲೆ ನೋಡಿ. ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ರಸ ಒಸರಿದ್ದರೆ ಬದಲಿಸಬೇಕು. 2000ದ ಮೊದಲ ವರ್ಷಗಳಲ್ಲಿ ಕಳಪೆ ಕೆಪಾಸಿಟರುಗಳಿಂದ ಲೋಕದಾದ್ಯಂತ ಬೋರ್ಡುಗಳು ಕೆಟ್ಟವು. ಹೊಸದು ಅಷ್ಟೇ ಮೈಕ್ರೋಫ್ಯಾರಡ್ಡಿನದು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿನದು, 105 ಡಿಗ್ರಿ ತಾಳುವಂಥದ್ದು ಇರಲಿ. ಮೈನಸ್ ಪಟ್ಟಿಯ ದಿಕ್ಕು ತಪ್ಪಬಾರದು. ಇನ್ನೂ ಹಳೆಯ 386, 486 ಬೋರ್ಡುಗಳಲ್ಲಿ ಬ್ಯಾಟರಿ ಸೋರಿ ಬೋರ್ಡನ್ನೇ ತಿಂದಿರುತ್ತದೆ. ಆ ರಸ ಕ್ಷಾರ, ವಿನೆಗರಿನಿಂದ ಒರೆಸಿ ಆಮೇಲೆ ಆಲ್ಕೋಹಾಲಿನಿಂದ ತೊಳೆಯಬೇಕು.

ಫ್ಲಾಪಿ ಸಿಕ್ಕರೆ ಕೂಡಲೇ ಡ್ರೈವಿಗೆ ತುರುಕಬೇಡಿ. ಲೋಹದ ಮುಚ್ಚಳ ಸರಿಸಿ, ಹಿಂದಿನ ಚಕ್ರ ತಿರುಗಿಸಿ ನೋಡಿ. ಬಿಳಿ ಚುಕ್ಕೆ ಕಂಡರೆ ಬೂಷ್ಟು. ಡ್ರೈವಿನ ಹೆಡ್ ಅದನ್ನು ಕೆರೆದು ಬರಹವನ್ನೂ ಅಳಿಸುತ್ತದೆ, ಮುಂದಿನ ಫ್ಲಾಪಿಗೂ ಹಚ್ಚುತ್ತದೆ.

ನನ್ನ ಕೇಳಿದರೆ ಆಟಕ್ಕಿಂತ ಬೆಲೆಬಾಳುವುದು ಈ ಕಂಪ್ಯೂಟರಿನ ಡಿಸ್ಕುಗಳಲ್ಲಿದೆ. ಶೇಷಾದ್ರಿ ವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂತು, ಆಮೇಲೆ 'ನುಡಿ'. ಯಕ್ಷಗಾನ ಪ್ರಸಂಗವೋ, ಸೊಸೈಟಿಯ ವರದಿಯೋ, ಅಜ್ಜನ ನೆನಪುಗಳೋ ಅವುಗಳಲ್ಲಿ ಟೈಪಾಗಿ ಡಿಸ್ಕಿನಲ್ಲಿ ಕೂತಿರಬಹುದು. ಇಂದಿನ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹಾಳಾಯಿತೆಂದು ಅಳಿಸಬೇಡಿ. ಅದು ಹಳೇ ಫಾಂಟಿನ ಸಂಕೇತ, ಯುನಿಕೋಡ್ ಪರಿವರ್ತಕಕ್ಕೆ ಕೊಟ್ಟರೆ ಕನ್ನಡವಾಗಿ ಮರಳುತ್ತದೆ. ಡಬ್ಬಿಯನ್ನು ಗುಜರಿಗೆ ಹಾಕುವುದೇ ಆದರೆ ಹಾಕಿ, ಹಾರ್ಡ್‌ಡಿಸ್ಕ್ ಮಾತ್ರ ಬಿಚ್ಚಿಟ್ಟುಕೊಳ್ಳಿ. ಐಡಿಇಯಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ ಈಗಲೂ ಮಾರುಕಟ್ಟೆಯಲ್ಲಿದೆ.