ಅಟ್ಟದ ಕೊಬ್ಬರಿ, ಷೇರಿನ ಲೆಕ್ಕ

ದಬ್ಬೇಘಟ್ಟದ ಕಡೆ ಯಾರನ್ನಾದರೂ ನಿಲ್ಲಿಸಿ ‘ನೀವು ಇನ್ವೆಸ್ಟರ್ರಾ?’ ಅಂತ ಕೇಳಿ. ನಕ್ಕುಬಿಡ್ತಾರೆ. ಆದರೆ ತೆಂಗಿನ ಸಸಿ ನೆಟ್ಟು ಫಸಲಿಗಾಗಿ ಆರೇಳು ವರ್ಷ ಕಾಯುವವರು, ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಉಂಡೆ ಕೊಬ್ಬರಿ ಮಾಡಿ ತಿಪಟೂರು ಮಾರುಕಟ್ಟೆಗೆ ಒಯ್ಯುವವರು ಹೂಡಿಕೆದಾರರಲ್ಲದೆ ಇನ್ನೇನು? ತಾಳ್ಮೆಯನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಕಷ್ಟ ಇರೋದು ಒಂದೇ ಕಡೆ: ಇರೋಬರೋದೆಲ್ಲ ಒಂದೇ ಬೆಳೆಯ ಮೇಲಿದೆ.

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಮಾರುಕಟ್ಟೆಯ ರೇಟು ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು. ತೆಂಗಿನ ಸೀಮೆಯಲ್ಲಿ ಕೊಬ್ಬರಿ ಬಿದ್ದರೆ ಪೆಟ್ಟು ರೈತನಿಗಷ್ಟೇ ಅಲ್ಲ, ಕಿರಾಣಿ ಅಂಗಡಿಗೂ ಬಟ್ಟೆ ಅಂಗಡಿಗೂ ಬೀಳುತ್ತೆ.

ಈಗ ಇನ್ನೊಂದು ಲೆಕ್ಕ ನೋಡಿ. ವರ್ಲ್ಡ್ ಇನಿಕ್ವಾಲಿಟಿ ಲ್ಯಾಬ್‌ನ 2024ರ ಅಧ್ಯಯನದ ಪ್ರಕಾರ, 2022-23ರಲ್ಲಿ ದೇಶದ ಸಂಪತ್ತಿನ ಶೇ. 40.1ರಷ್ಟು ಬರೀ ಶೇ. 1ರಷ್ಟು ಜನರ ಕೈಯಲ್ಲಿತ್ತು. ಸಂಬಳ ಎಣಿಸಿ ಯಾರೂ ಅಷ್ಟು ಶ್ರೀಮಂತರಾಗಲ್ಲ. ಅವರ ಹಣ ಕಂಪನಿಗಳ ಮಾಲೀಕತ್ವದಲ್ಲಿದೆ. ನಾವು ಮಧ್ಯಮ ವರ್ಗದವರು ಉಳಿಸಿದ್ದನ್ನು ಚಿನ್ನ, ಸೈಟು, ಚೀಟಿಗೆ ಹಾಕ್ತೀವಿ. ಕಂಪನಿಗೆ ನಾವು ಗಿರಾಕಿಗಳು, ಪಾಲುದಾರರಲ್ಲ.

1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ ತನ್ನ ಷೇರನ್ನು 95 ರೂಪಾಯಿಗೆ ಜನರ ಮುಂದಿಟ್ಟಾಗ ಪೂರ್ತಿ ಕೊಳ್ಳುವವರೇ ಇರಲಿಲ್ಲ. ಕೊಂಡು ಇಟ್ಟುಕೊಂಡವರ ಕಥೆ ನಿಮಗೆ ಗೊತ್ತು. ಹಾಗಂತ ಎಲ್ಲ ಕಂಪನಿಯೂ ಇನ್ಫೋಸಿಸ್ ಆಗಲ್ಲ. ಯಾವುದು ಆಗುತ್ತೆ ಅಂತ ಮೊದಲೇ ಹೇಳೋಕೆ ನನಗೂ ಬರಲ್ಲ, ಯೂಟ್ಯೂಬ್ ಪಂಡಿತರಿಗೂ ಬರಲ್ಲ.

ಅದಕ್ಕೇ ಇಂಡೆಕ್ಸ್ ಫಂಡ್ ಅನ್ನೋದು. ಒಂದೇ ತೋಟ ಕೊಳ್ಳುವ ಬದಲು ಐವತ್ತು ತೋಟಗಳಲ್ಲಿ ಚೂರುಚೂರು ಪಾಲು ತಗೊಂಡ ಹಾಗೆ. ಒಂದಕ್ಕೆ ನುಸಿ ರೋಗ ಬಂದರೂ ಉಳಿದವು ಇರುತ್ತವೆ. ನಿಫ್ಟಿ 50 ಫಂಡ್ ಅಂದ್ರೆ ಹೀಗೆ 50 ದೊಡ್ಡ ಕಂಪನಿಗಳಲ್ಲಿ ಪಾಲು. ತಿಂಗಳಿಗೆ 1,000 ರೂಪಾಯಿಯಂತೆ 20 ವರ್ಷ ಹಾಕಿದರೆ ನಿಮ್ಮ ಜೇಬಿಂದ ಹೋಗೋದು 2.4 ಲಕ್ಷ. ವರ್ಷಕ್ಕೆ ಸರಾಸರಿ ಶೇ. 10 ಬೆಳೆದರೆ ಸುಮಾರು 7.6 ಲಕ್ಷ ಆಗುತ್ತೆ. ಗ್ಯಾರಂಟಿ ಇಲ್ಲ. ನಡುವೆ ಬೀಳುತ್ತೆ, ಏಳುತ್ತೆ.

ಆದರೆ ಮೊಬೈಲಲ್ಲಿ ಬೆಳಗ್ಗೆ ಕೊಂಡು ಸಂಜೆ ಮಾರೋ ಆಪ್ಷನ್ಸ್ ಆಟ ಹೂಡಿಕೆ ಅಲ್ಲ. 2021-22ರಿಂದ 2023-24ರವರೆಗೆ ಫ್ಯೂಚರ್ಸ್–ಆಪ್ಷನ್ಸ್ ಆಡಿದ ಸಾಮಾನ್ಯರಲ್ಲಿ ನೂರಕ್ಕೆ 93 ಜನ ಕಳೆದುಕೊಂಡಿದ್ದಾರೆ ಅಂತ ಸೆಬಿಯೇ ಹೇಳಿದೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು!

ಕ್ರಮ ಇಷ್ಟೇ. ಮೊದಲು ಕೈಸಾಲ, ಬಡ್ಡಿ ಸಾಲ ತೀರಿಸಿ. ಆರು ತಿಂಗಳ ಖರ್ಚು ಬ್ಯಾಂಕಲ್ಲಿರಲಿ. ಆರೋಗ್ಯ ವಿಮೆ ಮಾಡಿಸಿ. ಆಮೇಲೆ, ಹತ್ತು ವರ್ಷ ಮುಟ್ಟದ ಹಣ ಮಾತ್ರ ಷೇರಿಗೆ. ಸಾಲ ತಂದು ಬೇಡ, ತೋಟ ಮಾರಿ ಬೇಡವೇ ಬೇಡ.

ಇನ್ನು ಕಾಯಿ ಸುಲಿಯುವ ಕೂಲಿಯವರ ಮಾತು. ಉಳಿತಾಯವೇ ಇಲ್ಲದವರಿಗೆ ಷೇರಿನ ಪಾಠ ಹೇಳೋದು ಹಸಿದವನ ಮುಂದೆ ಪಂಚಾಂಗ ಓದಿದ ಹಾಗೆ. ಅವರಿಗೆ ಬೇಕಾದ್ದು ಒಳ್ಳೆ ಕೂಲಿ, ರೈತನಿಗೆ ಬೇಕಾದ್ದು ಸಮಯಕ್ಕೆ ತೆರೆಯುವ ಖರೀದಿ ಕೇಂದ್ರ. ಅದು ಸರ್ಕಾರದ ಕೆಲಸ. ‘ಹೂಡಿಕೆ ಮಾಡಿ’ ಅಂತ ಜನರಿಗೆ ಹೇಳಿ ಸರ್ಕಾರ ಆ ಕೆಲಸದಿಂದ ಜಾರಿಕೊಳ್ಳೋ ಹಾಗಿಲ್ಲ.

ತಿಂಗಳ ಕೊನೆಗೆ ಸಾವಿರ ಉಳಿಯುವ ಮೇಷ್ಟ್ರು, ನರ್ಸು, ಅಂಗಡಿಯವರು ಮಾತ್ರ ತಡಮಾಡಬೇಡಿ. ಹತ್ತು ಹದಿನೈದು ವರ್ಷದ ಮೇಲೆ ಕೊಬ್ಬರಿ ಮತ್ತೆ ಬಿದ್ದರೂ ಮಗಳ ಕಾಲೇಜು ಫೀಸಿಗೆ ತೋಟ ಅಡವಿಡುವ ಗತಿ ಬರಬಾರದು.