ರ‍್ಯಾಕೆಟ್ ಬದಲಿಸುವ ಮೊದಲು ಬೆಲ್ಟಿನ ತೂತು ಬದಲಿಸಿ

ಟೆನಿಸ್ ಎಂದ ಕೂಡಲೇ ಯಾರಿಗೂ ಜೊಯಿಡಾ ನೆನಪಾಗುವುದಿಲ್ಲ. ಕಾಳಿ ನದಿ, ಹುಲಿ, ಮುಗಿಯದ ಮಳೆ, ಹೋಮ್‌ಸ್ಟೇ ಇವಿಷ್ಟು ನೆನಪಾದರೆ ಹೆಚ್ಚು. ಆದರೆ ಈ ಭಾಗಕ್ಕೆ ಕೆಲವು ಆಟಗಳು ನೌಕರಿಯ ಬೆನ್ನು ಹತ್ತಿ ಬಂದಿವೆ. ಸೂಪಾ ಅಣೆಕಟ್ಟೆ, ವಿದ್ಯುದಾಗಾರ, ದಾಂಡೇಲಿಯ ಕಾಗದ ಕಾರ್ಖಾನೆ, ಅರಣ್ಯ ಇಲಾಖೆ, ಬ್ಯಾಂಕು ಎಂದು ವರ್ಗವಾಗಿ ಬಂದವರ ಸಾಮಾನಿನಲ್ಲಿ ಶಟಲ್ ಬ್ಯಾಟಿನ ಜೊತೆಗೆ ಅಲ್ಲೊಂದು ಇಲ್ಲೊಂದು ಟೆನಿಸ್ ರ‍್ಯಾಕೆಟ್ಟೂ ಇರುತ್ತದೆ. ವಾರಾಂತ್ಯಕ್ಕೆ ನಾಲ್ವರು ಕೂಡಿದರೆ ಆಟ. ಇಲ್ಲದಿದ್ದರೆ ಕಾರು ಹತ್ತಿ ಧಾರವಾಡ. ಅಲ್ಲಿ ರಾಜಾಧ್ಯಕ್ಷ ಪೆವಿಲಿಯನ್ನಿನ ಕೋರ್ಟುಗಳಲ್ಲಿ 2023ರ ಅಕ್ಟೋಬರಿನಲ್ಲಿ ಪುರುಷರ ಅಂತರರಾಷ್ಟ್ರೀಯ ಟೂರ್ನಿಯೇ ನಡೆದಿತ್ತು.

ಈ ಶನಿವಾರ-ಭಾನುವಾರದ ಆಟಗಾರನನ್ನು ನೀವೂ ನೋಡಿರುತ್ತೀರಿ. ವಯಸ್ಸು ನಲವತ್ತು ದಾಟಿದೆ. ಕಾಲೇಜಿನಲ್ಲಿ ಚೆನ್ನಾಗಿ ಆಡಿದ್ದರಿಂದ ಕೈ ಇನ್ನೂ ಮಾತು ಕೇಳುತ್ತದೆ. ಮೊದಲ ಸೆಟ್ಟಿನಲ್ಲಿ ಸರ್ವ್ ಗುಡುಗುತ್ತದೆ. ಎರಡನೇ ಸೆಟ್ಟಿನ ಹೊತ್ತಿಗೆ ಎರಡು ಹೆಜ್ಜೆ ಆಚೆ ಬಿದ್ದ ಚೆಂಡನ್ನು ಕಣ್ಣಿನಲ್ಲೇ ಬೀಳ್ಕೊಡುತ್ತಾನೆ. "ಯಾಕ್ರೀ ಸರ್, ಬಾಲ್ ಬಿಟ್ರಿ?" ಎಂದು ಜೊತೆಗಾರ ಕೇಳಿದರೆ, "ನಾ ಎಲ್ಲಿ ಬಿಟ್ಟೇನಿ, ಅದ ನನ್ನ ಬಿಟ್ಟು ಹೋತು" ಎಂದು ನಗಿಸುತ್ತಾನೆ. ಸೋಮವಾರ ಮಾತ್ರ ಮೊಬೈಲಿನಲ್ಲಿ ಹೊಸ ರ‍್ಯಾಕೆಟ್ ಹುಡುಕುತ್ತಾನೆ. ಹತ್ತಿಪ್ಪತ್ತು ಸಾವಿರದ ರ‍್ಯಾಕೆಟ್ ಬರುತ್ತದೆ, ಎರಡನೇ ಸೆಟ್ ಅದೇ ರೀತಿ ಹೋಗುತ್ತದೆ.

ಇದರಲ್ಲಿ ರ‍್ಯಾಕೆಟ್ಟಿನ ತಪ್ಪೇನಿಲ್ಲ. ಟೆನಿಸ್ ಮೋಸದ ಆಟ. ಎರಡು ತಾಸು ಆಡಿದೆವು ಎನ್ನುತ್ತೇವೆ. ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರಾಗಿ ಅದರ ಐದರಲ್ಲೊಂದು ಪಾಲು. ಬಹುತೇಕ ಪಾಯಿಂಟುಗಳು ಹತ್ತು ಸೆಕೆಂಡಿನೊಳಗೆ ಮುಗಿಯುತ್ತವೆ. ಆದರೆ ಆ ಹತ್ತು ಸೆಕೆಂಡಿನಲ್ಲೇ ಮೂರು-ನಾಲ್ಕು ಸಲ ದಿಕ್ಕು ಬದಲಿಸಬೇಕು: ಮೂರು ಮೀಟರ್ ಓಡು, ಗಕ್ಕನೆ ನಿಲ್ಲು, ತಿರುಗು, ಮತ್ತೆ ಹಾರು. ಮೈಭಾರದ ಲೆಕ್ಕ ಓಡುವಾಗ ಅಷ್ಟು ಗೊತ್ತಾಗುವುದಿಲ್ಲ, ನಿಲ್ಲುವಾಗ ಗೊತ್ತಾಗುತ್ತದೆ. ಹನ್ನೆರಡು ಕಿಲೊ ಹೆಚ್ಚು ತೂಗುವವನು ಅರ್ಧ ಚೀಲ ಅಕ್ಕಿ ಹೊತ್ತು ಆಡಿದಂತೆ. ಆ ಚೀಲವನ್ನು ಪ್ರತಿ ತಿರುವಿನಲ್ಲೂ ತಡೆದು ನಿಲ್ಲಿಸಬೇಕಾದದ್ದು ಮೊಣಕಾಲು ಮತ್ತು ಮೀನಖಂಡ. ಸರ್ವ್ ಮಾಡಲು ತೂಕ ಅಡ್ಡಿಯಲ್ಲ, ಕೆಲವೊಮ್ಮೆ ಅನುಕೂಲವೇ. ಅದಕ್ಕೇ ಮೊದಲ ಅರ್ಧ ತಾಸು ನಮ್ಮ ಬೊಜ್ಜು ನಮಗೆ ಕಾಣುವುದಿಲ್ಲ.

ಮೊಣಕಾಲಿನ ವಿಚಾರದಲ್ಲಿ ಒಂದು ಅಂಕಿ ಮನಸ್ಸಿನಲ್ಲಿಟ್ಟುಕೊಳ್ಳುವಂಥದ್ದು. ಮಂಡಿ ಸವೆದ, ಸ್ಥೂಲಕಾಯದ ಹಿರಿಯರ ಮೇಲೆ ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದವರು ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೇಹದ ತೂಕ ಒಂದು ಕಿಲೊ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೊ ಇಳಿಯುತ್ತದೆ. ಐದು ಕಿಲೊ ಇಳಿಸಿದವನ ಮಂಡಿಗೆ ಹೆಜ್ಜೆಗೆ ಇಪ್ಪತ್ತು ಕಿಲೊ ಉಳಿತಾಯ. ಅದು ಬರೀ ನಡಿಗೆಯ ಲೆಕ್ಕ.

ದೊಡ್ಡ ಆಟಗಾರರಲ್ಲೂ ಇದಕ್ಕೆ ಉದಾಹರಣೆ ಇದೆ. ಅಮೆರಿಕದ ಮಾರ್ಡಿ ಫಿಶ್ ಒಳ್ಳೆಯ ಸರ್ವ್, ಚಂದದ ಬ್ಯಾಕ್‌ಹ್ಯಾಂಡ್ ಇದ್ದ ಆಟಗಾರ. ವರ್ಷಗಟ್ಟಲೆ ನಡುಮಟ್ಟದಲ್ಲೇ ಉಳಿದಿದ್ದ. 2009ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಆ ಬಿಡುವಿನಲ್ಲಿ ಊಟದ ಕ್ರಮವನ್ನೇ ಬದಲಿಸಿ 13 ಕಿಲೊಗೂ ಹೆಚ್ಚು ಇಳಿಸಿದ. ರ‍್ಯಾಂಕಿಂಗಿನಲ್ಲಿ ನೂರರಾಚೆ ಜಾರಿದ್ದವನು 2010ರಲ್ಲಿ ಎರಡು ಪ್ರಶಸ್ತಿ ಗೆದ್ದ, ಸಿನ್ಸಿನಾಟಿಯ ಫೈನಲ್ ತಲುಪಿದ. 2011ರಲ್ಲಿ ವಿಶ್ವದ 7ನೇ ಸ್ಥಾನಕ್ಕೆ ಬಂದ. ಆಗ ಅವನಿಗೆ ಇಪ್ಪತ್ತೊಂಬತ್ತು. ಕೈಚಳಕ ಮೊದಲಿನದೇ, ಚೆಂಡಿನ ಹತ್ತಿರ ಮೊದಲೇ ಹೋಗಿ ನಿಲ್ಲಲು ಸಾಧ್ಯವಾದದ್ದು ಹೊಸದು. ಮರು ವರ್ಷ ಹೃದಯ ಬಡಿತದ ತೊಂದರೆ, ಅದರ ಹಿಂದೆ ತೀವ್ರ ಆತಂಕದ ಕಾಯಿಲೆ ಅವನನ್ನು ಕಾಡಿತು ಎಂಬುದನ್ನೂ ಹೇಳಬೇಕು. ತೂಕ ಇಳಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಯಾರೂ ತಿಳಿಯಬೇಕಾಗಿಲ್ಲ.

"ಆಡ್ತಾ ಆಡ್ತಾ ತಾನೇ ಇಳೀತದ" ಎನ್ನುವುದು ನಮ್ಮ ಕಡೆಯ ಸಾಮಾನ್ಯ ಸಮಾಧಾನ. ಇಳಿಯುವುದಿಲ್ಲ. ಎಂಬತ್ತು ಕಿಲೊ ತೂಗುವವರು ಒಂದು ತಾಸು ಡಬಲ್ಸ್ ಆಡಿದರೆ ಕರಗುವುದು ಅಂದಾಜು 400 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಇದೆ. ಆಟ ಮುಗಿಸಿ ಕ್ಯಾಂಟೀನಿನಲ್ಲಿ ಪೂರಿ, ಮಿರ್ಚಿ ಭಜಿ, ಎರಡು ಸಕ್ಕರೆ ಚಹಾ ಆದ ಮೇಲೆ ಲೆಕ್ಕ ಯಾರ ಕಡೆಗೆ ವಾಲಿತು ಎಂದು ಬ್ಯಾಂಕಿನವರಿಗೆ ಬೇರೆ ಹೇಳಬೇಕೆ? ದೇಹದ ಒಂದು ಕಿಲೊ ಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ. ವಾರಕ್ಕೆರಡು ದಿನ, ದಿನಕ್ಕೊಂದು ತಾಸಿನ ಆಟದಿಂದ ಅದನ್ನು ಕರಗಿಸಲು ಎರಡು ತಿಂಗಳಿಗೂ ಹೆಚ್ಚು ಬೇಕು, ಅದೂ ಭಜಿ ಬಿಟ್ಟರೆ. ತೂಕ ಇಳಿಯುವುದು ಅಡುಗೆಮನೆಯಲ್ಲಿ. ಕಾಲು ಗಟ್ಟಿಯಾಗುವುದು ಕೋರ್ಟಿನ ಹೊರಗೆ. ಕೋರ್ಟಿಗೆ ಬರುವುದು ಆಡಲಿಕ್ಕೆ.

ಅಡುಗೆಮನೆಯ ಕೆಲಸ, ಕಾಲಿನ ಕೆಲಸ ಈ ಎರಡಕ್ಕೂ ಜೊಯಿಡಾ ಸೀಮೆಯಲ್ಲಿ ಏನು ಕೊರತೆಯಿದೆ ಎಂಬುದೇ ನನಗೆ ತಿಳಿಯದು. ಇಲ್ಲಿ ಗೆಡ್ಡೆ ಗೆಣಸು ಮೇಳ ಎಂದೇ ಒಂದು ಮೇಳ ನಡೆಯುತ್ತದೆ; ಕುಣಬಿ ಸಮುದಾಯದವರು ತಾವು ಬೆಳೆದ ಮುಡ್ಲಿ, ಕೆಸು, ಸುವರ್ಣಗಡ್ಡೆಗಳನ್ನು ರಾಶಿ ಹಾಕುತ್ತಾರೆ. ಭಾರಿ ಗಡ್ಡೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಬರುವ ನಾವು ಮನೆಗೆ ಬಂದು ಮೈದಾ ಬಿಸ್ಕತ್ತು ತಿನ್ನುತ್ತೇವೆ. ಗಡ್ಡೆ ತಿಂದರೆ ತೆಳ್ಳಗಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ, ಅದರಲ್ಲಿರುವುದೂ ಪಿಷ್ಟವೇ. ಆದರೆ ಬೇಯಿಸಿ ತಿಂದ ಗಡ್ಡೆ ನಾರಿನಿಂದಾಗಿ ಬೇಗ ಹೊಟ್ಟೆ ತುಂಬಿಸುತ್ತದೆ. ಅದನ್ನೇ ಕರಿದು ಚಿಪ್ಸ್ ಮಾಡಿದರೆ ಕೈ ನಿಲ್ಲುವುದಿಲ್ಲ. ಜೊತೆಗೆ ಹುರುಳಿ ಸಾರು, ಮೊಟ್ಟೆ, ಕಾರವಾರದ ಕಡೆಯಿಂದ ಬರುವ ಮೀನು. ತೂಕ ಇಳಿಸುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗದಿರಲು ಪ್ರೋಟೀನು ಬೇಕು. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತು ಗ್ರಾಂಗೂ ಮಿಗಿಲಾಗಿ ಅದಿದೆ. ವಾರಕ್ಕೆ ಅರ್ಧ ಕಿಲೊ ಇಳಿದರೆ ಸಾಕು. ಉಪವಾಸ ಬಿದ್ದು ಇಳಿಸಿದವರು ಕೋರ್ಟಿನಲ್ಲಿ ಇನ್ನೂ ಬೇಗ ಕುಸಿಯುತ್ತಾರೆ.

ಇನ್ನು ಕಾಲಿನ ಕೆಲಸ. ಜಿಮ್ ಹುಡುಕಿ ದಾಂಡೇಲಿಗೆ ಹೋಗಬೇಕಿಲ್ಲ. ಪಕ್ಕದ ಹಳಿಯಾಳ ಕುಸ್ತಿಯ ಊರು. ಅಲ್ಲಿನ ಗರಡಿಯಲ್ಲಿ ಹುಡುಗರು ಹೊಡೆಯುವ ಬಸ್ಕಿ, ದಂಡಗಳಲ್ಲಿ ಟೆನಿಸ್ಸಿಗೆ ಬೇಕಾದ ಮುಕ್ಕಾಲು ಪಾಲು ಇದೆ. ಎದುರಾಳಿ ಚೆಂಡು ಹೊಡೆಯುವ ಕ್ಷಣದಲ್ಲಿ ಪುಟ್ಟದಾಗಿ ಜಿಗಿದು ಎರಡೂ ಕಾಲ ಮೇಲೆ ಮಂಡಿ ಬಗ್ಗಿಸಿ ಇಳಿಯುವುದಕ್ಕೆ ಟೆನಿಸ್ಸಿನಲ್ಲಿ ಸ್ಪ್ಲಿಟ್ ಸ್ಟೆಪ್ ಎನ್ನುತ್ತಾರೆ. ಎಲ್ಲ ಓಟವೂ ಅಲ್ಲಿಂದಲೇ ಶುರು. ತೊಡೆಯಲ್ಲಿ ಕಸುವಿಲ್ಲದವರು ಒಂದೇ ಗೇಮಿನ ಬಳಿಕ ಅದನ್ನು ಕೈಬಿಡುತ್ತಾರೆ, ಆಮೇಲೆ ಪ್ರತಿ ಚೆಂಡಿಗೂ ಅರ್ಧ ಹೆಜ್ಜೆ ತಡ. ಹತ್ತು ಹತ್ತರಂತೆ ಮೂರು ಸುತ್ತು ಬಸ್ಕಿ, ವಾರಕ್ಕೆ ಮೂರು ದಿನ; ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು; ಐದು ನಿಮಿಷ ಹಗ್ಗದಾಟ. ಹಿಮ್ಮಡಿಯ ವ್ಯಾಯಾಮ ಬಿಡಬೇಡಿ. ಮೀನಖಂಡದ ಒಳಬದಿಯ ಸ್ನಾಯು ಹರಿಯುವುದಕ್ಕೆ ವೈದ್ಯರು ಇಟ್ಟಿರುವ ಹೆಸರೇ 'ಟೆನಿಸ್ ಲೆಗ್', ಅದು ಹೆಚ್ಚಾಗಿ ಹುಡುಕಿಕೊಂಡು ಬರುವುದು ನಲವತ್ತು ದಾಟಿದವರನ್ನು.

ದಮ್ಮಿಗೆ ಏರು ರಸ್ತೆಯ ನಡಿಗೆ ಸಾಕು, ಈ ತಾಲ್ಲೂಕಿನಲ್ಲಿ ಏರಿಗೆ ಬರವಿಲ್ಲ. ಆದರೆ ಬೆಂಗಳೂರಿನವರಂತೆ ನಸುಕಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಾಡಂಚಿನಲ್ಲಿ ಓಡಲು ಹೋಗಬೇಡಿ. ಕರಡಿಗೆ ನಿಮ್ಮ ಫಿಟ್‌ನೆಸ್ಸಿನಲ್ಲಿ ಆಸಕ್ತಿಯಿಲ್ಲ. ಬಿಸಿಲು ಬಿದ್ದ ಮೇಲೆ ಊರೊಳಗಿನ ಮೈದಾನವೇ ಕ್ಷೇಮ.

ವಯಸ್ಸಾಯಿತು ಎನ್ನುವವರಿಗೆ ಕೊಡಗಿನ ಉತ್ತರವೊಂದಿದೆ. ರೋಹನ್ ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿ, ನೋವಿನ ಮಾತ್ರೆ ನುಂಗಿಕೊಂಡೇ ಆಡುತ್ತಿದ್ದ ದಿನಗಳ ಬಗ್ಗೆ ಅವರೇ ಹೇಳಿಕೊಂಡಿದ್ದಾರೆ. ಕೋವಿಡ್ ಕಾಲದಲ್ಲಿ ಅಯ್ಯಂಗಾರ್ ಯೋಗ ಹಿಡಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ರೂಪಿಸಿದ ಈ ಪದ್ಧತಿಯಲ್ಲಿ ಹಗ್ಗ, ಕುರ್ಚಿ, ಮರದ ತುಂಡುಗಳ ಆಸರೆಯಲ್ಲಿ ಒಂದೊಂದು ಆಸನದಲ್ಲೂ ಹೆಚ್ಚು ಹೊತ್ತು ನಿಲ್ಲಿಸುತ್ತಾರೆ. ಮಂಡಿಯ ಸುತ್ತಲ ಸ್ನಾಯುಗಳಿಗೆ ಬಲ ಬಂತು, ಮಾತ್ರೆ ಬಿಟ್ಟಿತು ಎನ್ನುತ್ತಾರೆ ಬೋಪಣ್ಣ. 2021ರಲ್ಲಿ ಸೋಲಿನ ಮೇಲೆ ಸೋಲು ಬಂದು ಆಟವನ್ನೇ ಬಿಡುವ ಯೋಚನೆಯಲ್ಲಿದ್ದವರು, 2024ರ ಜನವರಿ 27ರಂದು ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಆಗ 43 ವರ್ಷ. ಡಬಲ್ಸ್‌ನಲ್ಲಿ ವಿಶ್ವದ ನಂ. 1 ಆದವರಲ್ಲೇ ಹಿರಿಯರು. ನಿವೃತ್ತಿ ಘೋಷಿಸಿದ್ದು 2025ರ ನವೆಂಬರಿನಲ್ಲಿ, ನಲವತ್ತೈದರಲ್ಲಿ.

ಅವರಿಂದ ನಾವು ಕಲಿಯಬಹುದಾದದ್ದು ಸರ್ವ್ ಅಲ್ಲ, ಅದು ನಮ್ಮಿಂದಾಗದು. ಕೀಲಿಗೆ ಪೆಟ್ಟು ಕಡಿಮೆ ಬೀಳುವ ಡಬಲ್ಸನ್ನೇ ಆರಿಸಿಕೊಂಡದ್ದು, ದೇಹದ ಕೆಲಸಕ್ಕೂ ಸಮಯ ಕೊಟ್ಟದ್ದು ನಮಗೂ ಸಾಧ್ಯವಿರುವ ಸಂಗತಿಗಳು. ಐವತ್ತರ ಹೊಸ್ತಿಲಲ್ಲಿ ಮಗನ ವಯಸ್ಸಿನವನ ಜೊತೆ ಸಿಂಗಲ್ಸ್ ಆಡಿ ಮರ್ಯಾದೆ ಉಳಿಸಿಕೊಳ್ಳಬೇಕೆಂಬ ಹಟ ನನಗಂತೂ ಅರ್ಥವಾಗುವುದಿಲ್ಲ.

ಹಾಗೆಂದು ಆಟವನ್ನೇ ಬಿಡಬೇಕಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ 8,577 ಜನರನ್ನು ಇಪ್ಪತ್ತೈದು ವರ್ಷ ಗಮನಿಸಿ 2018ರಲ್ಲಿ ಹೊರತಂದ ವರದಿಯಲ್ಲಿ, ಏನೂ ಆಡದವರಿಗಿಂತ ಟೆನಿಸ್ ಆಡುವವರು 9.7 ವರ್ಷ, ಬ್ಯಾಡ್ಮಿಂಟನ್ ಆಡುವವರು 6.2 ವರ್ಷ ಹೆಚ್ಚು ಬದುಕುವುದು ಕಂಡಿತ್ತು. ಟೆನಿಸ್ ಆಡುವವರು ಮೊದಲೇ ಉಳ್ಳವರು, ಆರೋಗ್ಯ ನೋಡಿಕೊಳ್ಳುವವರು ಆಗಿರಬಹುದಾದ್ದರಿಂದ ಅಷ್ಟೂ ಶ್ರೇಯ ಆಟದ್ದೇ ಎನ್ನಲಾಗದು. ಶಟಲ್ ಆಡುವ ಜೊಯಿಡಾದ ಗೆಳೆಯರು ಬೇಸರಿಸಬೇಕಿಲ್ಲ. ಬಸ್ಕಿ ಮತ್ತು ಹುರುಳಿಯ ಮಾತು ಅವರಿಗೂ ಅಷ್ಟೇ ಅನ್ವಯ.

ಕನ್ನಡಿ, ತೂಕದ ಯಂತ್ರ ಎರಡನ್ನೂ ನಂಬದವರು ಒಂದು ಅಳತೆ ಟೇಪು ತನ್ನಿ. ನಮ್ಮಂಥ ಏಷ್ಯಾದವರಿಗೆ ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಅಪಾಯವೆಂದು ಲೆಕ್ಕ. ಬಿಪಿ, ಶುಗರ್ ಇದ್ದವರು, ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುವವರು ಮೊದಲು ವೈದ್ಯರ ಹತ್ತಿರ ಹೋಗಿ ಬರಬೇಕು, ಆಮೇಲೆ ಬಸ್ಕಿ.

ಈ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲು ಕೋರ್ಟಿನ ಮಾತೇ ಇಲ್ಲ. ಆ ನಾಲ್ಕು ತಿಂಗಳು ಚಹಾ-ಭಜಿಯಲ್ಲಿ ಕಳೆದು ದಸರೆಗೆ ಮತ್ತೆ ರ‍್ಯಾಕೆಟ್ ಹಿಡಿಯುವುದರಿಂದಲೇ ನಮ್ಮವರ ಕಾಲು ನೋವು ಅಕ್ಟೋಬರಿನಲ್ಲಿ ಶುರುವಾಗುತ್ತದೆ. ಈ ಸಲ ಮಳೆ ಹಿಡಿದ ದಿನವೇ ಪಡಸಾಲೆಯಲ್ಲಿ ಬಸ್ಕಿ ಆರಂಭಿಸಿ, ವಾರಕ್ಕೆ ಅರ್ಧ ಕಿಲೊ ಇಳಿಸುತ್ತ ಬನ್ನಿ. ಹೊಸ ರ‍್ಯಾಕೆಟ್ ಬೇಕೋ ಬೇಡವೋ ಎಂಬುದನ್ನು ದಸರೆ ಮುಗಿದ ಮೇಲೆ ಯೋಚಿಸೋಣ.