ಹಾಳೆಯ ಮೇಲೊಂದು ತೇರು

ಹುಲಗೂರಿನ ನಮ್ಮ ಮನೆಯ ಪಡಸಾಲೆಗೆ ಬೆಳಗಿನ ಬಿಸಿಲು ಬರುವುದು ಬೀದಿ ಬಾಗಿಲಿನಿಂದ ಮಾತ್ರ. ರೊಟ್ಟಿ ಬಡಿದು, ಹಂಚು ಇಳಿಸಿ, ಕೈ ತೊಳೆದುಕೊಂಡು ವೈನಿ, ನನ್ನ ಅಣ್ಣನ ಹೆಂಡತಿ, ಆ ಬಿಸಿಲಿನಲ್ಲಿ ಬಂದು ಕೂಡುತ್ತಾರೆ. ನಾಲ್ಕು ಮಡಿಕೆಯ ಹಳೆಯ ಕೌದಿ, ಅದರ ಮೇಲೆ ಕಪ್ಪು ಹಾಳೆ, ಅದರ ಮೇಲೆ ಗೆರೆ ಹಾಕಿದ ಚೌಕುಳಿ ಕಾಗದ. ಸೂಜಿ ಟಕ್ ಟಕ್ ಎಂದು ಇಳಿಯತೊಡಗುತ್ತದೆ. ತಾಸಿನ ಮೇಲೆ ಹಾಳೆಯನ್ನು ಬಾಗಿಲಿಗೆ ಹಿಡಿದರೆ ಚುಕ್ಕಿ ಚುಕ್ಕಿಯಾಗಿ ಒಂದು ತೇರು ನಿಂತಿರುತ್ತದೆ. ದಾರ ಇನ್ನೂ ಏರಿಲ್ಲ, ಬರೀ ಬೆಳಕಿನ ತೇರು.

ಇದು ವೈನಿಯ ಕಸೂತಿ ಕಾರ್ಡಿನ ವ್ಯಾಪಾರ. ಅಂಗಡಿಯಿಲ್ಲ, ಬೋರ್ಡಿಲ್ಲ. ಒಂದು ಟ್ರಂಕು, ಒಂದು ಮೊಬೈಲು.

ಕಸೂತಿ ನಮ್ಮ ಕಡೆ ಸೀರೆಯ ಸೆರಗಿಗೂ ಕುಪ್ಪಸದ ಖಣಕ್ಕೂ ಸೇರಿದ್ದು. ಮದುಮಗಳ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ಆನೆ, ನವಿಲು, ತುಳಸಿಕಟ್ಟೆ ಬಿಡಿಸುತ್ತಿದ್ದರು. ವೈನಿ ಹಾಳೆಗೆ ಕಪ್ಪು ಬಣ್ಣವನ್ನೇ ಆರಿಸಿದ್ದು ಆ ಸೀರೆಯ ನೆನಪಿಗೆ. ಹತ್ತಿ ಬಟ್ಟೆಯ ಚಿಂದಿ ಅರೆದು ಮಾಡಿದ ಕೈಕಾಗದವೇ ಬೇಕು. ಎಳೆ ಉದ್ದವಿರುವುದರಿಂದ ಅದು ಸೂಜಿಯನ್ನು ತಡೆಯುತ್ತದೆ, ತೆಳು ಹಾಳೆಯಾದರೆ ತೂತಿನಿಂದ ತೂತಿಗೆ ಹರಿದುಕೊಂಡು ಹೋಗುತ್ತದೆ.

ಕಸೂತಿಯ ಗವಂತಿ ಹೊಲಿಗೆಯಲ್ಲಿ ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಮನೆ ತುಂಬಿ, ಹೊರಳಿ ಬರುವಾಗ ಉಳಿದ ಮನೆ ತುಂಬಬೇಕು. ಆಗ ಹಿಂದೂ ಮುಂದೂ ಒಂದೇ ಚಿತ್ರ. ಬರುವ ದಾರಿ ತಿಳಿಯದೆ ಹೊರಟರೆ ಎಳೆ ನಡುವೆಯೇ ಸಿಕ್ಕಿಬೀಳುತ್ತದೆ. ಬಟ್ಟೆಯಲ್ಲಾದರೆ ಬಿಚ್ಚಬಹುದು. "ಹಾಳಿಗೆ ತೂತು ಬಿತ್ತಂದ್ರ ಬಿತ್ತು, ತಮ್ಮಾ," ಎನ್ನುತ್ತಾರೆ ವೈನಿ, ಕಣ್ಣೆತ್ತದೆ. ಕೆಟ್ಟ ಹಾಳೆಗಳನ್ನು ಅವರು ಎಸೆಯುವುದಿಲ್ಲ. ಓಣಿಯ ಹುಡುಗಿಯರು ಅವುಗಳ ಮೇಲೆಯೇ ಮುರ್ಗಿ, ನೇಗಿ, ಮೆಂತೆ ಹೊಲಿಗೆಗಳನ್ನು ಕಲಿಯುತ್ತಾರೆ.

ತೊಟ್ಟಿಲಿಗೆ ಹಾಕುವ ದಿನಕ್ಕೆ ತೊಟ್ಟಿಲ ಕಾರ್ಡು, ಗೃಹಪ್ರವೇಶಕ್ಕೆ ತುಳಸಿಕಟ್ಟೆ. ಹಜರತ್ ಶಾ ಖಾದರಿಯವರ ದರ್ಗಾ ಇರುವ ಊರು ನಮ್ಮದು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ ಇಲ್ಲಿ ಹರಕೆ ಹೊತ್ತ ಮೇಲೆಯೇ 1819ರಲ್ಲಿ ಶಿಶುನಾಳದಲ್ಲಿ ಸಂತಕವಿ ಷರೀಫರು ಹುಟ್ಟಿದರೆಂದು ಹಿರಿಯರು ಹೇಳುತ್ತಾರೆ. ಹಾಗಾಗಿ ರಂಜಾನ್ ಹತ್ತಿರ ಬಂದಾಗ ಇದೇ ಸೂಜಿ ನವಿಲು, ಆನೆ ಬಿಟ್ಟು ಎಂಟು ಮೂಲೆಯ ನಕ್ಷತ್ರ ಬಿಡಿಸುತ್ತದೆ. ಎಣಿಕೆಯ ಹೊಲಿಗೆಗೆ ನಕ್ಷತ್ರದಷ್ಟು ಒಗ್ಗುವ ಚಿತ್ರ ಬೇರೆ ಇಲ್ಲ.

ಹೆಚ್ಚು ಹೋಗುವುದು ಸಂಕ್ರಾಂತಿಗೆ. ಶುಭಾಶಯದ ಕಾಗದದೊಳಗೆ ನಾಲ್ಕು ಕಾಳು ಕುಸುರೆಳ್ಳು ಇಟ್ಟು ಅಂಚೆಗೆ ಹಾಕುವುದು ನಮ್ಮ ಕಡೆಯ ಹಳೆಯ ರೂಢಿ. ಆ ಕುಸುರೆಳ್ಳೂ ಮನೆಯದೇ. ಚಳಿಯ ಮುಂಜಾನೆ, ಸಣ್ಣ ಕೆಂಡದ ಮೇಲೆ ಎಳ್ಳಿಗೆ ಸಕ್ಕರೆ ಪಾಕ ಚಮಚೆ ಚಮಚೆಯಾಗಿ ಬಿಟ್ಟು ಬೆರಳಿನಿಂದ ಹೊರಳಾಡಿಸಬೇಕು. ನಿಧಾನಕ್ಕೆ ಮುಳ್ಳು ಏಳುತ್ತವೆ. ತೇವ ತಾಕಿದರೆ ಅಷ್ಟೂ ಕರಗಿ ಕಾರ್ಡಿಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಮೇಣದ ಕಾಗದದ ಪುಟ್ಟ ಪೊಟ್ಟಣ. ದಾರ, ಪೊಟ್ಟಣ, ಲಕೋಟೆ ಸೇರಿ ಇಪ್ಪತ್ತು ಗ್ರಾಂ ದಾಟಿದರೆ ಅಂಚೆ ಚೀಟಿ ಹೆಚ್ಚು ಹಚ್ಚಬೇಕು. ಅದಕ್ಕಾಗಿಯೇ ಮನೆಯಲ್ಲೊಂದು ಸಣ್ಣ ತಕ್ಕಡಿ ಬಂದಿದೆ.

ಒಂದು ಸಲ ಮದುವೆಗೆಂದು ನೂರು ಕಾರ್ಡು ಹೇಳಿದವರು, ಎಲ್ಲ ಮುಗಿದ ಮೇಲೆ ಅಚ್ಚಿನ ಕಾರ್ಡಿನ ದರಕ್ಕೆ ಕೇಳಿದರು. "ಇಷ್ಟ ಸಣ್ಣ ಹಾಳಿಗೆ ಇಷ್ಟ ರೊಕ್ಕ ಯಾಕ್ರಿ?" ವೈನಿ ಜಗಳಾಡಲಿಲ್ಲ. ನೂರನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ನನಗೆ ಇಂದಿಗೂ ಆ ಮಾತು ಚುಚ್ಚುತ್ತದೆ. ಹಾಳೆ ಸಣ್ಣದೇ ಇರಬಹುದು, ಅದರ ಹಿಂದಿನ ಎರಡು ಮೂರು ತಾಸು ಸಣ್ಣದಲ್ಲ. ಮನೆಯಲ್ಲೇ ಕೂತು ಮಾಡಿದ ಕೆಲಸವೆಂದು ಅದಕ್ಕೆ ಕೂಲಿ ಕಡಿಮೆ ಹಿಡಿಯುವುದು ಅನ್ಯಾಯ. ಅಂದಿನಿಂದ ಅರ್ಧ ಹಣ ಮುಂಗಡ ಬಂದ ಮೇಲೆಯೇ ವೈನಿ ಸೂಜಿ ಎತ್ತುತ್ತಾರೆ.

ಕಾರ್ಡಿನ ಒಳಪುಟದಲ್ಲಿ ಅವರು ಏನನ್ನೂ ಹೊಲಿಯುವುದಿಲ್ಲ, ಅಚ್ಚು ಹಾಕಿಸುವುದೂ ಇಲ್ಲ. ತರಿಸಿಕೊಂಡವರು ಅದನ್ನು ಹಾಗೇ ಖಾಲಿ ಕಳಿಸಬೇಡಿ. ಎರಡು ಸಾಲು ನಿಮ್ಮ ಕೈಯಲ್ಲೇ ಬರೆಯಿರಿ.